ನಾನು ಮೀಯಿಸಿದ ಹುಂಜ

ಇದನ್ನು ಬರೆಯುತ್ತೇನೆ ಎಂದು ಹೇಳಿಕೊಂಡೇ ಬಹಳ ಮಳೆಗಾಲ ಕಳೆದೆ. ಮೊದಲು ಕನ್ನಡಕ ಸರಿ ಇಲ್ಲ ಎಂದೆ. ಹೊಸ ಕನ್ನಡಕ ಬಂತು. ಆಮೇಲೆ, ನಮ್ಮ ಕೋರ್ಟಿನ ಸಾಹೇಬರು ಇನ್ನೂ ಬದುಕಿದ್ದಾರೆ, ಅವರಿಗೆ ಬೇಸರವಾದೀತು ಎಂದೆ. ಸಾಹೇಬರು ತೀರಿಕೊಂಡರು. ತೀರಿಕೊಂಡವರ ವಿಷಯ ಆಡಬಾರದು ಎಂದೆ. ಅದಾದ ಮೇಲೆ ಕೈ ನಡುಗುತ್ತದೆ ಎಂದೆ. ಆದರೆ ಇಸ್ಪೀಟು ಹಿಡಿಯುವಾಗ ಅದೇ ಕೈ ನಡುಗುವುದಿಲ್ಲ ಎಂದು ಮನೆಯವರೆಲ್ಲ ಕಂಡಿದ್ದಾರೆ.

ಹೋದ ತಿಂಗಳು ಅಣ್ಣನ ಮೊಮ್ಮಗಳಿಗೆ ಕೋರ್ಟಿನಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ನಮಸ್ಕಾರ ಮಾಡಲು ಬಂದವಳು ಎದ್ದು ನಿಂತ ಕೂಡಲೇ ಕೇಳಿದಳು, "ಅಜ್ಜ, ನಿಮ್ಮ ಕಾಲದಲ್ಲಿ ಮುದ್ದೇಮಾಲು ಎಲ್ಲಿ ಇಡ್ತಿದ್ರಿ?"

ಮುದ್ದೇಮಾಲು ಎಂದರೆ ಕೇಸಿನಲ್ಲಿ ಪೋಲೀಸರು ಹಿಡಿದು ತಂದು ಕೋರ್ಟಿಗೆ ಒಪ್ಪಿಸಿದ ವಸ್ತು. ಕತ್ತಿಯಾಗಲಿ, ಸೈಕಲ್ಲಾಗಲಿ, ಕಳ್ಳಭಟ್ಟಿಯ ಸೀಸೆಯಾಗಲಿ, ಕೇಸು ಮುಗಿಯುವ ತನಕ ಅದನ್ನು ಜೋಪಾನ ಮಾಡುವುದು ಕಾರಕೂನನ ಹೊಣೆ. ಹುಡುಗಿ ಸುಮ್ಮನೆ ಕೇಳಿದ ಪ್ರಶ್ನೆ ಅದು. ನಾನು ಮಾತ್ರ ಯೋಚಿಸದೆ "ಬಾವಿಕಟ್ಟೆಯ ಮೇಲೆ" ಎಂದುಬಿಟ್ಟೆ. ಅವಳು ನಕ್ಕಳು. ನಾನು ನಗಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಓದಲಿ.

ನಾನು ಮೆಟ್ರಿಕ್ ಮುಗಿಸಿ ಕೆಲಸಕ್ಕೆ ಸೇರಿದಾಗ ನಮ್ಮ ಜಿಲ್ಲೆ ಬೊಂಬಾಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆ ದುಡಿದಿದ್ದೇನೆ. ಈಗ ಹೇಳುವ ಕೋರ್ಟು ಇವುಗಳಲ್ಲಿ ಯಾವ ಊರಿನದು ಎಂದು ಹೇಳುವುದಿಲ್ಲ. ಅಲ್ಲಿ ಈಗ ಕೂತವರು ಒಳ್ಳೆಯವರು, ಅವರಿಗೇಕೆ ನನ್ನ ಮಸಿ? ಬಡ್ತಿ ಯಾವಾಗ ಸಿಕ್ಕಿತು, ಯಾರು ತಪ್ಪಿಸಿದರು ಎಂಬ ಕತೆಯೂ ಬೇಡ. ಅದನ್ನು ಕೇಳಿ ಕೇಳಿ ನನ್ನ ಹೆಂಡತಿಯೇ ಎದ್ದು ಹೋಗುತ್ತಿದ್ದಳು.

ನಮ್ಮ ಸಾಹೇಬರು ಆನರರಿ ಮ್ಯಾಜಿಸ್ಟ್ರೇಟರು, ಅಂದರೆ ಸಂಬಳವಿಲ್ಲದ ಮ್ಯಾಜಿಸ್ಟ್ರೇಟರು. ಸಣ್ಣಪುಟ್ಟ ಕೇಸುಗಳು ಅವರ ಮುಂದೆ ಬರುತ್ತಿದ್ದವು. ಮೂಲದಲ್ಲಿ ವಕೀಲರು. ಅದಕ್ಕಿಂತ ಮುಖ್ಯವಾಗಿ, ಬೊಂಬಾಯಿ ವಿಧಾನಸಭೆಯಲ್ಲಿ ಒಂದು ಅವಧಿಗೆ ಸದಸ್ಯರಾಗಿದ್ದವರು. ಅಲ್ಲಿ ಇವರಿಗೆ ಮಾತಾಡುವ ಸರದಿಯೇ ಬರಲಿಲ್ಲವಂತೆ. ಪ್ರತಿ ಸಲ ಭಾಷಣ ಬರೆದುಕೊಂಡು ಹೋಗುವುದು, ಸಭೆ ಮುಂದೂಡುವುದು, ಭಾಷಣ ಕೋಟಿನ ಕಿಸೆಯಲ್ಲೇ ವಾಪಸು ಬರುವುದು. ಆಮೇಲೆ ಚುನಾವಣೆ ಸೋತರು. ಜಿಲ್ಲೆಯೂ ಬೊಂಬಾಯಿಯ ಕೈತಪ್ಪಿತು. ಹಾಗೆ ಉಳಿದುಹೋದ ಭಾಷಣಗಳೆಲ್ಲ ನಮ್ಮ ಕೋರ್ಟಿನಲ್ಲಿ ಹೊರಬಂದವು.

ಸೈಕಲ್ಲಿಗೆ ದೀಪವಿಲ್ಲದೆ ಹೋದವನನ್ನು ಪೋಲೀಸರು ತಂದರೆ ಸಾಹೇಬರು ಎದ್ದು ನಿಂತು, "ಮಾನ್ಯ ಆರೋಪಿಗಳು ಈ ಸದನಕ್ಕೆ... ಈ ನ್ಯಾಯಾಲಯಕ್ಕೆ ಉತ್ತರ ಕೊಡಬೇಕು" ಎನ್ನುತ್ತಿದ್ದರು. ಮಾನ್ಯ ಎಂದು ಜನ್ಮದಲ್ಲಿ ಕೇಳದ ಆರೋಪಿ ಹಿಂದೆ ತಿರುಗಿ ಇನ್ಯಾರಾದರೂ ನಿಂತಿದ್ದಾರೋ ಎಂದು ನೋಡುತ್ತಿದ್ದ. ಆರೋಪವನ್ನು ಮೂರು ಸಲ ಓದಿಸುತ್ತಿದ್ದರು, ಮಸೂದೆ ಓದಿದ ಹಾಗೆ. ಕೊನೆಗೆ ಜಗಲಿಯಲ್ಲಿ ಕೂತ ಕಕ್ಷಿದಾರರ ಕಡೆ ನೋಡಿ, "ಒಪ್ಪುವವರು ಹೌದು ಎನ್ನಿ" ಎಂದು ಕೇಳುತ್ತಿದ್ದರು. ಅದು ಕಾನೂನಿನಲ್ಲಿಲ್ಲ ಎಂದು ವಕೀಲರು ಹೇಳಿದರೆ, "ಗೊತ್ತಿದೆ, ದಾಖಲೆಗೆ ಬರೆಯುವುದಿಲ್ಲ, ಕೇಳಿದರೆ ತಪ್ಪೇನು?" ಎನ್ನುವರು. ಜನ ತಮ್ಮ ಕೇಸಿಲ್ಲದ ದಿನವೂ ಬಂದು ಹೌದು ಎಂದು ಕೂಗಿ ಹೋಗುತ್ತಿದ್ದರು.

ಆ ಕಾಲದ ನನ್ನ ಘನಕಾರ್ಯವೊಂದನ್ನೂ ಹೇಳಿಬಿಡುತ್ತೇನೆ. ಕೋರ್ಟಿಗೆ ಮೊದಲ ಸಲ ಟೈಪ್‌ರೈಟರ್ ಬಂತು. ಕಾರ್ಬನ್ ಹಾಳೆಯ ಮಸಿ ಇರುವ ಮಗ್ಗುಲು ಕೆಳಗಿರಬೇಕೆಂದು ನನಗೆ ಗೊತ್ತಿರಲಿಲ್ಲ. ತೀರ್ಪಿನ ನಕಲಿಗಾಗಿ ಕೊಟ್ಟ ಹಾಳೆ ಖಾಲಿ, ಮೇಲಿನ ಹಾಳೆಯ ಬೆನ್ನಿನ ಮೇಲೆ ಅಕ್ಷರವೆಲ್ಲ ತಿರುಗುಮುರುಗು. ಸಾಹೇಬರು ಅದನ್ನು ಹಿಡಿದುಕೊಂಡು ಬಹಳ ಹೊತ್ತು ನೋಡಿ, ಕೋರ್ಟಿನ ಜವಾನ, ಪಟ್ಟೇವಾಲ ರಾಮನನ್ನು ಕರೆದು, "ಕ್ಷೌರದಂಗಡಿಯಿಂದ ಕನ್ನಡಿ ತಾ" ಎಂದರು. ಹಾಳೆಯ ಮುಂದಿನ ಮಗ್ಗುಲು ಸರಿಯಾಗಿಯೇ ಇದ್ದರೂ, ಅವತ್ತಿನ ತೀರ್ಪನ್ನು ಕನ್ನಡಿಯಲ್ಲಿ ನೋಡಿಯೇ ಓದಿದರು. ಓದುತ್ತ ಓದುತ್ತ ಮೀಸೆಯನ್ನೂ ಸರಿ ಮಾಡಿಕೊಂಡರು.

ಮುಟ್ಟಳ್ಳಿಯ ಕೇಸನ್ನು ಮರೆಯುವ ಹಾಗಿಲ್ಲ. ಒಬ್ಬ ತನ್ನ ಗದ್ದೆಗೆ ಒಡ್ಡು ಹಾಕಿ ಪಕ್ಕದವನ ಗದ್ದೆಯಲ್ಲಿ ನೀರು ನಿಲ್ಲಿಸಿದ್ದ. ಸ್ಥಳ ನೋಡಲು ಹೋದೆವು. ಗದ್ದೆಯ ಅಂಚಿನ ಮೇಲೆ ಸಾಹೇಬರು ನಿಂತರು, ಕೆಳಗೆ ಊರಿನವರು ಸೇರಿದರು. ಅಷ್ಟು ಜನ ಕೆಳಗೆ, ತಾನು ಮೇಲೆ ಎಂದು ಕಂಡದ್ದೇ ಅವರಿಗೆ ಹಳೆಯದು ನೆನಪಾಯಿತು. ಭಾಷಣ ಶುರು. ಯಾರೋ ಒಬ್ಬ, "ಒಡೆಯಾ, ಇಲ್ಲೊಂದು ಮೋರಿ ಆದ್ರೆ ಈ ಜಗಳವೇ ಇಲ್ಲ" ಎಂದ.

"ಮೋರಿ ಕಟ್ಟಿಸಲಾಗುವುದು!" ಎಂದರು ಸಾಹೇಬರು. ಜನ ಚಪ್ಪಾಳೆ ತಟ್ಟಿದರು. ನಾನು ಹೇಳಿದ್ದನ್ನು ಹೇಳಿದ ಹಾಗೆ ಬರೆಯುವ ಕಾರಕೂನ. ಬರೆದೆ, ಮೊಹರು ಒತ್ತಿದೆ. ಊರಿನವರು ಅದರ ನಕಲು ತೆಗೆದುಕೊಂಡು ಎಂಜಿನಿಯರರ ಹತ್ತಿರ ಹೋದರು. ಅವರು ಕೋರ್ಟಿನ ಮೊಹರು ಕಂಡು ಹೆದರಿ ಮೋರಿ ಕಟ್ಟಿಸಿಯೇ ಬಿಟ್ಟರು. ಶಾಸಕರಾಗಿದ್ದಾಗ ಒಂದು ಮೋರಿ ಮಾಡಿಸಲು ಆಗದವರು ಮ್ಯಾಜಿಸ್ಟ್ರೇಟರಾಗಿ ಮಾಡಿಸಿದರು. ಆ ಮೊಹರು ಬಿದ್ದ ಕಾಗದದಲ್ಲಿ ಇದ್ದದ್ದೆಲ್ಲ ನಿಜ ಎಂದು ಜನ ನಂಬುತ್ತಾರೆ, ನಿಜವಲ್ಲದಿದ್ದರೆ ನಿಜ ಮಾಡುತ್ತಾರೆ. ಆಗ ನನಗೆ ಇದು ತಮಾಷೆಯಾಗಿ ಕಂಡಿತ್ತು.

ಈಗ ಹುಂಜದ ಕೇಸು.

ಫಿರ್ಯಾದಿ ಕಾಯ್ಕಿಣಿಯ ಕಡೆಯ ಒಬ್ಬ ಹೆಂಗಸು. ಹೆಸರನ್ನು ಆಮೇಲೆ ಹೇಳುತ್ತೇನೆ, ಈಗಲೇ ಬರೆಯಲು ಕೈ ಬರುತ್ತಿಲ್ಲ. ಕೂಲಿ ಮಾಡಿ ಬದುಕುವವಳು. ಮಗಳಿಗೆ ಜ್ವರ ಬಂದು ಬಿಡದಿದ್ದಾಗ, ಮನೆಯಲ್ಲಿದ್ದ ಕೆಂಪು ಹುಂಜದ ಮರಿಯೊಂದನ್ನು ಜಟಗನಿಗೆ ಕೊಡುತ್ತೇನೆಂದು ಹರಕೆ ಹೇಳಿಕೊಂಡಿದ್ದಳು. ಜಟಗ ಎಂದರೆ ಗದ್ದೆಯ ಮೂಲೆಯಲ್ಲಿ ಮರದ ಬುಡದಲ್ಲಿರುವ ಆ ಕಡೆಯ ದೇವರು. ಮಗಳು ಎದ್ದು ಓಡಾಡಿದಳು, ಮರಿ ಹುಂಜವಾಯಿತು. ಹರಕೆ ಒಪ್ಪಿಸುವ ದಿನ ಹತ್ತಿರ ಬಂದಾಗ ಹುಂಜ ಇಲ್ಲ. ನೆರೆಮನೆಯ ಮಂಜನ ಬುಟ್ಟಿಯಡಿಯಲ್ಲಿ ಅದರ ಕೂಗು ಕೇಳಿತು. ಪೋಲೀಸರು ಹೋಗಿ ಹುಂಜ ಹಿಡಿದು ತಂದರು. ಕಾಗದದಲ್ಲಿ ಬರೆದದ್ದು ಇಷ್ಟೇ: ಕೆಂಪು ಹುಂಜ, ಒಂದು.

ಇಂಥ ಜೀವವನ್ನು ಮುಚ್ಚಳಿಕೆ ಬರೆಸಿಕೊಂಡು ಫಿರ್ಯಾದಿಯ ಕೈಗೇ ಕೊಡುವುದುಂಟು. ಸಾಹೇಬರು ಒಪ್ಪಲಿಲ್ಲ. "ದಾಖಲೆಯನ್ನು ಸದನದ ಮೇಜಿನ ಮೇಲೆ ಮಂಡಿಸಬೇಕು" ಎಂದರು. ಹುಂಜವನ್ನೇ ಮಂಡಿಸಿದೆವು. ಸಾಹೇಬರು ಬಾಯಿ ತೆರೆದಾಗಲೆಲ್ಲ ಅದೂ ತೆರೆಯಿತು. "ಆರ್ಡರ್!" ಎಂದರೆ ಮತ್ತೂ ಜೋರಾಗಿ ಕೂಗಿತು. ಜಗಲಿಯವರು ಹುಂಜದ ಪರವಾಗಿ ಹೌದು ಎಂದರು.

"ಕಾರಕೂನರೇ, ಮಾನ್ಯ ಸದಸ್ಯರನ್ನು ಹೊರಗೆ ಕರೆದುಕೊಂಡು ಹೋಗಿ" ಎಂದರು ಸಾಹೇಬರು.

ಹೊರಗೆ ಎಂದರೆ ಎಲ್ಲಿಗೆ? ನಾನು ಬ್ರಾಹ್ಮಣರ ಹುಡುಗ. ಹುಂಜವನ್ನು ಬೇಲಿಯಾಚೆಯಿಂದ ಕಂಡವನೇ ಹೊರತು ಮುಟ್ಟಿದವನಲ್ಲ. ರಾಮ ಅದನ್ನು ನೋಡಿ ತುಟಿ ಸವರಿಕೊಂಡದ್ದು ಕಂಡು, ಅವನ ಕೈಗೆ ಕೊಡುವುದು ಬೇಡ ಎಂದು ನನ್ನ ಬಾಡಿಗೆ ಕೋಣೆಗೆ ಒಯ್ದೆ. ಮನೆಯ ಯಜಮಾನಿ ದೊಡ್ಡಮ್ಮ ಮಡಿಯ ಹೆಂಗಸು. ಬಾಗಿಲಲ್ಲೇ ತಡೆದರು.

"ಎಂತದಾ ತಮಾ ಅದು?"

"ಮುದ್ದೇಮಾಲು ದೊಡ್ಡಮ್ಮ."

"ಮುದ್ದೇಮಾಲು ಹೇಳಿರೆ ಪುಕ್ಕ ಇರ್ತಾ? ಕೋಳಿ ಅಲ್ದಾ ಅದು?"

"ಸರಕಾರದ್ದು."

ಸರಕಾರ ಎಂದರೆ ಅವರಿಗೂ ಭಯ. ಸ್ವಲ್ಪ ಯೋಚಿಸಿ, "ಹಂಗಾರೆ ಇರ್ಲಿ. ಆದ್ರೆ ಈ ಮನೇಲಿ ಮೀಯದ್ದೆ ಯಾರೂ ಒಳಗೆ ಬಪ್ಪಲೆ ಇಲ್ಲೆ. ನೀನೂ ಅಷ್ಟೇ, ಅದೂ ಅಷ್ಟೇ" ಎಂದರು.

ಸ್ನಾನ ಮಾಡದೆ ಒಳಗೆ ಬರಬಾರದು ಎಂಬುದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಬೆಳಿಗ್ಗೆ ಎದ್ದು ಬಾವಿಕಟ್ಟೆಯಲ್ಲಿ ನಾನು ಮಿಂದು, ಅದನ್ನೂ ಮೀಯಿಸುತ್ತಿದ್ದೆ. ತಲೆಯ ಮೇಲೆ ತಣ್ಣೀರು ಸುರಿದರೆ ಅದು ನನ್ನನ್ನು ನೋಡುತ್ತಿದ್ದ ನೋಟ ಇವತ್ತಿಗೂ ಕಣ್ಣ ಮುಂದಿದೆ. ನಮ್ಮ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಮಾಸ್ತರರು ಹಾಗೆ ನೋಡುತ್ತಿದ್ದರು. ಮೊಸರನ್ನ ಹಾಕುತ್ತಿದ್ದೆ. ಹಬ್ಬದ ದಿನ ಪಾಯಸವನ್ನೂ ಇಟ್ಟೆ. ಕೇಸು ಮುಂದೆ ಮುಂದೆ ಹೋಗುತ್ತಲೇ ಇತ್ತು.

ವಿಚಾರಣೆ ಬಂತು. ಹಿಂದಿನ ದಿನ ನನಗೆ ಉತ್ಸಾಹ ಹೆಚ್ಚಾಯಿತು. ಕೋರ್ಟಿನಲ್ಲಿ ಹುಂಜ ಚೆಂದ ಕಾಣಬೇಕೆಂದು ನನ್ನ ಸಾಬೂನನ್ನೇ ಹಚ್ಚಿದೆ. ಕಾಲಿನ ಹಗ್ಗ ಕೊಳೆಯಾಗಿತ್ತು, ಅದನ್ನೂ ತೊಳೆಯೋಣ ಎಂದು ಬಿಚ್ಚಿದೆ. ಸಾಬೂನು ಹಚ್ಚಿದ ಹುಂಜವನ್ನು ಹಿಡಿದುಕೊಳ್ಳಲು ಆಗುವುದಿಲ್ಲ ಎಂದು ನನಗೆ ಯಾವ ಶಾಲೆಯಲ್ಲೂ ಕಲಿಸಿರಲಿಲ್ಲ. ಅದು ಕೈಯಿಂದ ಜಾರಿತು, ಬಾವಿಕಟ್ಟೆ ಹತ್ತಿತು, ಅಲ್ಲಿಂದ ಗೋಡೆ, ಗೋಡೆಯಿಂದಾಚೆ ನೊರೆ ಹಾರಿಸುತ್ತ ಹೋಯಿತು. ಒದ್ದೆ ಪಂಚೆಯಲ್ಲಿ ಬೀದಿ ಬೀದಿ ಓಡಿದೆ. "ಭಟ್ರು ಎಂತ ಹುಡುಕ್ತಿದ್ರಿ?" ಎಂದು ಕೇಳಿದವರಿಗೆ ಹೇಳುವ ಹಾಗೂ ಇಲ್ಲ. ಅದು ಯಾರ ಅಂಗಳಕ್ಕೆ ಹೋಯಿತೋ, ಯಾರ ಗಡಿಗೆಗೆ ಹೋಯಿತೋ, ಸಿಗಲಿಲ್ಲ.

ನನ್ನ ಕೆಲಸ ಆಗಿನ್ನೂ ಕಾಯಂ ಆಗಿರಲಿಲ್ಲ. ಮುದ್ದೇಮಾಲು ಕಳೆದವನನ್ನು ಯಾರು ಕಾಯಂ ಮಾಡುತ್ತಾರೆ? ಸಂತೆಗೆ ಹೋದೆ. ಕೋಳಿ ಮಾರುವ ಸಾಯ್ಬರು ಜನಿವಾರ ಕಂಡು ಹುಬ್ಬೇರಿಸಿದರು.

"ಎಂತಕ್ಕೆ ಭಟ್ರೇ? ಹರಕೆಗಾ, ಪದಾರ್ಥಕ್ಕಾ?"

"ಕೋರ್ಟಿಗೆ."

"ಓ, ಸಾಹೇಬ್ರಿಗೆ ಕೊಡೂದಾ! ಹಾಂಗಾದ್ರೆ ಸಣ್ಣದು ತಕಂಡು ಮಾನ ಕಳ್ಕೊಬೇಡಿ, ದೊಡ್ಡದೇ ತಕಳಿ."

ಕೆಂಪು ಎಂದರೆ ಕೆಂಪು ಎಂದುಕೊಂಡು ಸಾಯ್ಬರು ಕೊಟ್ಟದ್ದನ್ನು ತಂದೆ. ಒಂದು ಹುಂಜಕ್ಕೂ ಇನ್ನೊಂದಕ್ಕೂ ಮುಖದಲ್ಲಿ ವ್ಯತ್ಯಾಸ ಇರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಮರುದಿನ ಅದನ್ನು ಮೇಜಿನ ಮೇಲೆ ಇಟ್ಟ ಕ್ಷಣ ಜಗಲಿಯಲ್ಲಿ ಗುಸುಗುಸು ಎದ್ದಿತು. ಹುಂಜದ ಮುಖ ಗುರುತಿಸಲಾರದವರು ನಾನು, ಸಾಹೇಬರು ಇಬ್ಬರೇ. ಉಳಿದ ಎಲ್ಲರಿಗೂ ಅದು ಬೇರೆ ಹುಂಜ ಎಂದು ನೋಡಿದ ಕೂಡಲೇ ಗೊತ್ತಾಯಿತಂತೆ. ಸಾಹೇಬರೂ ಸಸ್ಯಾಹಾರಿಗಳು. ಹುಂಜ ಹಿಡಿದು ತಂದಿದ್ದ ಪೋಲೀಸಿನವ ಚಾವಣಿ ನೋಡುತ್ತ ನಿಂತ, ಮಾತಾಡಿದರೆ ತನ್ನ ತಲೆಗೆ ಬರುತ್ತದೆ ಎಂದು.

"ಮಾನ್ಯ ಫಿರ್ಯಾದಿಗಳು ಹುಂಜವನ್ನು ಗುರುತಿಸಬೇಕು" ಎಂದರು ಸಾಹೇಬರು.

ಅವಳು ಹತ್ತಿರ ಬಂದಳು. ಒಂದು ಸುತ್ತು ಬಂದಳು. ಜುಟ್ಟು ಮುಟ್ಟಿದಳು, ಕಾಲು ಎತ್ತಿ ನೋಡಿದಳು. ಅವಳ ಮುಖ ಸಣ್ಣದಾಯಿತು.

"ಒಡೆಯಾ, ಇದು ನನ್ನ ಹುಂಜ ಅಲ್ಲ."

ಹೌದು ಎಂದಿದ್ದರೆ ಕೇಸು ಅವಳದಾಗುತ್ತಿತ್ತು, ತನ್ನದಕ್ಕಿಂತ ದೊಡ್ಡ ಹುಂಜವೂ ಸಿಗುತ್ತಿತ್ತು. ಆದರೆ ಹರಕೆಗೆ ಬಿಟ್ಟದ್ದು ಇದಲ್ಲ. ಜಟಗನಿಗೆ ಬೇರೆಯವರ ಹುಂಜ ಕೊಟ್ಟು ಮೋಸ ಮಾಡುವುದು ಹೇಗೆ?

ಸಾಹೇಬರು ಮಂಜನ ಕಡೆ ತಿರುಗಿದರು. "ಆರೋಪಿಗಳ ಅಭಿಪ್ರಾಯ?"

ಮಂಜ ಹುಂಜವನ್ನು ನೋಡಿದ. ಅವನ ಕಣ್ಣು ಅರಳಿತು. "ನಂದೇ ಒಡೆಯಾ! ಸರ್ಕಾರದ ಅನ್ನ ತಿಂದು ಮೈಕೈ ತುಂಬ್ಕಂಡಿದೆ, ಅಷ್ಟೇಯ."

ಜಗಲಿ ನಕ್ಕಿತು. ಅವಳು ನಗಲಿಲ್ಲ. ನೆಟ್ಟಗೆ ನನ್ನ ಕಡೆ ಕೈ ಮಾಡಿದಳು.

"ಈ ಕಾರಕೂನ್ರನ್ನ ಕೇಳಿ ಒಡೆಯಾ. ಇಷ್ಟು ದಿನ ಅನ್ನ ಹಾಕ್ದವ್ರು ಅವ್ರು. ಅವ್ರು ಸುಳ್ಳು ಹೇಳೂದಿಲ್ಲ."

ಸಾಹೇಬರು ನನ್ನನ್ನು ನೋಡಿದರು. "ಕಾರಕೂನರೇ, ಅದೇ ಹುಂಜ ತಾನೇ?"

ನನ್ನನ್ನು ಸುಳ್ಳು ಹೇಳುವವನಲ್ಲ ಎಂದು ಇಡೀ ಕೋರ್ಟಿನಲ್ಲಿ ನಂಬಿದವಳು ಅವಳೊಬ್ಬಳೇ.

"ಹೌದು ಸಾಹೇಬರೇ, ಅದೇ" ಎಂದೆ.

ಸಾಹೇಬರು ರೂಢಿಯಂತೆ ಜಗಲಿಯ ಕಡೆ ನೋಡಿ, "ಅದೇ ಹುಂಜ ಎನ್ನುವವರು ಹೌದು ಎನ್ನಿ" ಎಂದರು. ಬೇರೆ ಎಂದು ಗೊತ್ತಿದ್ದೂ, ತಮಾಷೆಗೆ, ಎಲ್ಲರೂ ಹೌದು ಎಂದರು. ಹುಂಜವೂ ಕೂಗಿತು. ಸಾಹೇಬರು ಸತ್ಯದ ಮೇಲೆ ಬಹಳ ಒಳ್ಳೆಯ ಭಾಷಣ ಮಾಡಿದರು, ಬೊಂಬಾಯಿಯಲ್ಲಿ ಮಾಡಲಾಗದ್ದು ಇರಬೇಕು. ಮಂಜ ಬಿಡುಗಡೆಯಾದ. ಹುಂಜ ಅವನಿಗೆ. ಸುಳ್ಳು ಫಿರ್ಯಾದಿಗೆಂದು ಅವಳು ಅವನಿಗೆ ನಷ್ಟ ಕಟ್ಟಿಕೊಡಬೇಕು. ಮನೆಯಲ್ಲಿ ಉಳಿದ ಹೇಂಟೆಗಳನ್ನು ಮಾರಿ ಕಟ್ಟಿದಳು. ತೀರ್ಪಿಗೆ ಮೊಹರು ಒತ್ತಿದವನು ನಾನು.

ಸಾಹೇಬರನ್ನು ನಾನು ದೂರುವುದಿಲ್ಲ. ಅವರು ಪಾಪ, ಇದ್ದವರಲ್ಲಿ ಓದು ಬರಹದವನ ಮಾತನ್ನು ನಂಬಿದರು.

ಆಮೇಲೆ ಮೂರು ತಾಲೂಕಿನ ಕೋರ್ಟುಗಳಲ್ಲೂ ಅದೊಂದು ನಗೆಯ ಮಾತಾಯಿತು. ಯಾರಾದರೂ ಸಾಕ್ಷಿ ತೊದಲಿದರೆ "ಕಾಯ್ಕಿಣಿ ಹುಂಜ ಬಂತು" ಎನ್ನುವರು. ಕುಮಟೆಗೆ ವರ್ಗವಾದ ಮೇಲೆ ನಾನೇ ಈ ಕತೆಯನ್ನು ಚಾದಂಗಡಿಯಲ್ಲಿ ಹೇಳಿ ನಗಿಸಿದ್ದೇನೆ, ಸಾಬೂನಿನ ಭಾಗವೊಂದನ್ನು ಬಿಟ್ಟು. ಅವಳ ಊರಿನಲ್ಲಿ ಮಾತ್ರ ಅದು ತಮಾಷೆಯಾಗಿ ಉಳಿಯಲಿಲ್ಲವಂತೆ. ದೇವರ ಹುಂಜದ ಮೇಲೆ ಸುಳ್ಳು ಹೇಳಿದವಳು ಎಂದಾಯಿತು. ಬಾವಿಗೆ ಹೋದರೆ, ಗದ್ದೆಗೆ ಹೋದರೆ, "ಸುಳ್ಳು ಹುಂಜದವಳು" ಎಂದೇ ಕರೆದರು. ಹೆಸರು ಬಿಟ್ಟೇಹೋಯಿತು. ಕೋರ್ಟಿನ ಮೊಹರು ಇತ್ತಲ್ಲ!

ಕೆಲವು ವರ್ಷ ಕಳೆದು ಒಂದು ಸಲ ಎದುರಾದಳು. ಹೊನ್ನಾವರದಲ್ಲಿ ಹೊಳೆ ದಾಟಲು ಆಗ ಲಾಂಚು. ನಾನು ಹತ್ತಿ ಕೂತ ಮೇಲೆ ನೋಡಿದರೆ ಎದುರಿನ ಹಲಗೆಯ ಮೇಲೆ ಅವಳು, ಮಡಿಲಲ್ಲಿ ಬುಟ್ಟಿ. ನಾನು ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದೆ. ಬಿಸಿಲೂ ಇಲ್ಲ, ಮಳೆಯೂ ಇಲ್ಲ.

"ಕಾರಕೂನ್ರೇ, ಕೊಡೆ ಮಡಚಿ. ಗಾಳಿ ಬಂದ್ರೆ ಹಾರ್ಕಂಡು ಹೋಗ್ತದೆ" ಎಂದಳು.

ಮಡಚಿದೆ.

"ಒಂದು ಮಾತು ಕೇಳೂದಿತ್ತು. ಸಿಟ್ಟು ಮಾಡ್ಬೇಡಿ. ನನ್ನ ಹುಂಜ ಎಂತ ಆತು?"

ಸುತ್ತ ಜನರಿದ್ದರು. ಮುಂಭಾಗದಲ್ಲಿ ಕೂತವನೊಬ್ಬ ಕಿವಿ ಕೊಟ್ಟು ಕೇಳುತ್ತಿದ್ದ. ನಾನು ಗಂಟಲು ಸರಿ ಮಾಡಿಕೊಂಡು, ಇಷ್ಟು ವರ್ಷ ಎಲ್ಲ ಕಕ್ಷಿದಾರರಿಗೂ ಹೇಳಿದ ಮಾತನ್ನೇ ಹೇಳಿದೆ: "ಕಾಗದಪತ್ರ ನೋಡಿ ಹೇಳ್ತೇನೆ."

"ಆತು, ನೋಡಿ ಹೇಳಿ. ನಂಗೆ ಎಂತದೂ ಬ್ಯಾಡ. ನಿಮ್ಮ ಮೇಲೆ ದೂರೂ ಇಲ್ಲ. ಜಟಗ ಕೇಳ್ದ್ರೆ ಹೇಳ್ಬೇಕಲ್ದ? ಹರಕೆ ತಪ್ಪಿಸ್ದೋಳು ನಾನಲ್ಲ ಅಂತ. ಅದಕ್ಕೆ ಕೇಳ್ದೆ."

ದಡ ಬಂತು. ನನ್ನ ಬಸ್ಸು ನಿಂತಿತ್ತು, ಓಡಿದೆ. ಆ ಬಸ್ಸು ಹೊರಡಲು ಇನ್ನೂ ಬಹಳ ಹೊತ್ತಿತ್ತು. ಕಿಟಕಿಯಿಂದ ನೋಡಿದೆ. ಅವಳು ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡು ರಸ್ತೆಯ ಬದಿಯಲ್ಲಿ ನಡೆದು ಹೋಗುತ್ತಿದ್ದಳು. ಇಳಿದು ಹೋಗಿ ಹೇಳಬಹುದಿತ್ತು. ಇಳಿಯಲಿಲ್ಲ.

ಅದರ ಮೇಲೆ ಕಾಯ್ಕಿಣಿಯ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಪ್ರತಿ ಸಲವೂ ನನಗೆ ಮುಂದೆ ತುರ್ತು ಕೆಲಸ ಇರುತ್ತಿತ್ತು. ನಿವೃತ್ತಿಯಾದ ಮೇಲೆ, ತುರ್ತು ಕೆಲಸ ಒಂದೂ ಉಳಿಯದಿದ್ದಾಗ, ಧೈರ್ಯ ಮಾಡಿ ಹೋದೆ. ಮಗಳು ಬಾಗಿಲು ತೆರೆದಳು. ಜ್ವರ ಬಂದು ಬದುಕಿದ ಆ ಮಗಳೇ, ಈಗ ತಲೆ ಬೆಳ್ಳಗಾಗಿದೆ. "ಅಬ್ಬೆ ಹೋಗಿ ಬಾಳ ವರ್ಷ ಆತಲ್ರಾ. ನೀವು ಯಾರು?" ಎಂದಳು. ಕೋರ್ಟಿನವನು ಎನ್ನುವ ಬದಲು ನೀರು ಕೇಳಿದೆ. ಕುಡಿದು ಬಂದೆ. ಅಂಗಳದಲ್ಲಿ ಕೋಳಿಗಳು ಕೆದಕುತ್ತಿದ್ದವು. ಅವು ಒಂದರ ಹಾಗೆ ಇನ್ನೊಂದು ಇರಲಿಲ್ಲ. ಅವತ್ತು ಅದು ಚೆನ್ನಾಗಿ ಕಂಡಿತು.

ಕೆಲಸಕ್ಕೆ ಸೇರುವವರಿಗೆ ಹೇಳುವುದು ಇಷ್ಟೇ. ಕೈತಪ್ಪಿ ಏನಾದರೂ ಕಳೆದುಹೋದರೆ, ಕಳೆಯಿತು ಎಂದು ಅವತ್ತೇ ಹೇಳಿ. ಬೈಯುತ್ತಾರೆ, ಸಂಜೆಯೊಳಗೆ ಮುಗಿಯುತ್ತದೆ. ನನ್ನದು ಇನ್ನೂ ಮುಗಿದಿಲ್ಲ.

ಲಾಂಚಿನಲ್ಲಿ ಕೇಳಿದ್ದಕ್ಕೆ ಉತ್ತರ ಬಾಕಿ ಇದೆ. ಕಾಗದಪತ್ರ ನೋಡಿದೆ, ಅದರಲ್ಲಿ ಇಲ್ಲ. ಆದ್ದರಿಂದ ನೆನಪಿನಿಂದ ಹೇಳುತ್ತೇನೆ. ನಿಮ್ಮ ಹುಂಜ ಚೆನ್ನಾಗಿತ್ತು. ಮೊಸರನ್ನ ತಿನ್ನುತ್ತಿತ್ತು. ನಾನು ಸಾಬೂನು ಹಚ್ಚಿ ಹಗ್ಗ ಬಿಚ್ಚಿದೆ, ಹಾರಿಹೋಯಿತು. ಮೇಜಿನ ಮೇಲೆ ಇಟ್ಟದ್ದು ಸಂತೆಯದು. ನೀವು ಹೇಳಿದ್ದು ನಿಜ, ನಾನು ಹೇಳಿದ್ದು ಸುಳ್ಳು. ತಪ್ಪಾಯಿತು. ಜಟಗ ಕೇಳಿದರೆ ಹೀಗೆಂದು ಹೇಳಿಬಿಡಿ, ಮಾಸ್ತಮ್ಮ.